ಫಾಗ್ ಲೈಟ್ ಬಲ್ಬ್ ನೀವೇ ಬದಲಿಸಿ: ಬಲ್ಬ್ ಗುರುತಿಸುವುದರಿಂದ ಬಣ್ಣ ಆರಿಸುವವರೆಗೆ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ, ಬೆಟ್ಟದ ರಸ್ತೆಯಲ್ಲಿ ದಟ್ಟ ಮಂಜಿಗೆ ಸಿಕ್ಕಿಕೊಂಡೆ. ಡಿಮ್ ಲೈಟ್‌ನಲ್ಲಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಹೈ ಬೀಮ್ ಹಾಕಿದೆ. ಎದುರಿಗೆ ಬಿಳಿ ಗೋಡೆ ಎದ್ದು ನಿಂತಂತಾಯಿತು. ಹಿಂದಿನ ವಾರವಷ್ಟೇ ಹೊಸ ಎಲ್‌ಇಡಿ ಫಾಗ್ ಲೈಟ್ ಬಲ್ಬ್ ಹಾಕಿಸಿದ್ದೆ. ನೀಲಿ ಛಾಯೆಯ ಬಿಳಿ ಬೆಳಕು, ಮನೆ ಮುಂದೆ ಹಾಕಿ ನೋಡಿದಾಗ ಹಗಲಿನ ಹಾಗಿತ್ತು. ಅದರ ಸ್ವಿಚ್ ಒತ್ತಿದೆ. ಗೋಡೆ ಇನ್ನೂ ಹತ್ತಿರ ಬಂತು. ಬೇಸತ್ತು ಅದನ್ನು ಆರಿಸಿದ ಮೇಲೆಯೇ ರಸ್ತೆ ಅಂಚಿನ ಗೆರೆ ಮಸುಕಾಗಿ ಕಂಡಿದ್ದು. ಮಂಜಿಗೆ ಅಂತ ಹಾಕಿಸಿದ ಲೈಟನ್ನು ಮಂಜಿನಲ್ಲೇ ಆರಿಸಿಕೊಂಡು ಮನೆ ಸೇರಿದೆ.

ಮರುದಿನ ಆ ಬಲ್ಬ್ ಕಿತ್ತು ಹಳೆಯ ಹ್ಯಾಲೊಜೆನ್ (ಒಳಗಿನ ತಂತಿ ಕಾದು ಉರಿಯುವ ಮಾಮೂಲಿ ಬಲ್ಬ್) ವಾಪಸ್ ಹಾಕಿದೆ. ಅವತ್ತು ಕಲಿತದ್ದು, ಆಮೇಲೆ ಬೇರೆ ಬೇರೆ ಕಾರುಗಳ ಬಂಪರ್ ಕೆಳಗೆ ಮಲಗಿ ಕಲಿತದ್ದು ಎರಡೂ ಇಲ್ಲಿದೆ. ಬಲ್ಬ್ ಬದಲಿಸುವುದು ಕಷ್ಟದ ಕೆಲಸವಲ್ಲ. ಎಲ್ಲವೂ ಸರಿ ಹೋದರೆ ಒಂದು ಬದಿಗೆ 20 ನಿಮಿಷ. ಜನ ಎಡವುವುದು ಬಿಚ್ಚುವಾಗ ಅಲ್ಲ, ಬಲ್ಬ್ ಆರಿಸುವಾಗ. ಅದಕ್ಕೇ ಪಾನಾ ಹಿಡಿಯುವ ಮುಂಚೆ ಒಂದಿಷ್ಟು ಓದಿಬಿಡಿ.

ಫಾಗ್ ಲೈಟ್ ಬಂಪರ್ ಕೆಳಗೇ ಯಾಕಿದೆ?

ಮಂಜು ಅಂದರೆ ಗಾಳಿಯಲ್ಲಿ ತೇಲುವ ನೀರಿನ ಸಣ್ಣ ಹನಿಗಳು. ಬೆಳಕು ಅದಕ್ಕೆ ಬಡಿದು ಎಲ್ಲಾ ದಿಕ್ಕಿಗೂ ಚದುರುತ್ತದೆ, ಒಂದಷ್ಟು ನೇರ ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ನಿಮ್ಮ ಕಣ್ಣಿನ ಎತ್ತರದಲ್ಲಿ, ಕಣ್ಣು ನೋಡುವ ದಾರಿಯಲ್ಲೇ ಬೆಳಕು ಹಾಯ್ದಷ್ಟೂ ಬಿಳಿ ಪರದೆ ದಟ್ಟವಾಗುತ್ತದೆ. ಹೈ ಬೀಮ್ ಹಾಕಿದಾಗ ಆಗುವುದು ಇದೇ.

ಫಾಗ್ ಲೈಟ್ ಇದರಿಂದ ತಪ್ಪಿಸಿಕೊಳ್ಳಲು ನೆಲಕ್ಕೆ ಹತ್ತಿರ ಕೂತಿದೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ವಾಹನ ನಿಯಮದಲ್ಲಿ ಕಾರಿನ ಮುಂದಿನ ಫಾಗ್ ಲೈಟ್ ನೆಲದಿಂದ 250 ಮಿಲಿಮೀಟರ್‌ಗಿಂತ ಕೆಳಗೆ, 800 ಮಿಲಿಮೀಟರ್‌ಗಿಂತ ಮೇಲೆ ಇರುವಂತಿಲ್ಲ. ಅದರ ಬೆಳಕು ಅಗಲವಾಗಿ, ಚಪ್ಪಟೆಯಾಗಿ ಹರಡುತ್ತದೆ. ಮೇಲ್ಭಾಗದಲ್ಲಿ ಚಾಕುವಿನಿಂದ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಆ ಗೆರೆಯ ಮೇಲೆ ಕತ್ತಲು ಇರಬೇಕು. ಕೆಳಗೆ ರಸ್ತೆಯ ಅಂಚು, ಗೆರೆ, ಗುಂಡಿ ಕಾಣಬೇಕು. ಅಷ್ಟೇ ಅದರ ಕೆಲಸ. ದೂರದ ರಸ್ತೆ ತೋರಿಸಲಿ ಅಂತ ಯಾರೂ ಅದನ್ನು ಮಾಡಿಲ್ಲ.

ಆ ಗೆರೆ ಚೊಕ್ಕಟವಾಗಿ ಉಳಿಯಬೇಕಾದರೆ ಬಲ್ಬಿನೊಳಗೆ ಉರಿಯುವ ತಂತಿ, ಅಂದರೆ ಫಿಲಮೆಂಟ್, ರಿಫ್ಲೆಕ್ಟರಿನ (ಬೆಳಕನ್ನು ಮುಂದಕ್ಕೆ ತಳ್ಳುವ ಕನ್ನಡಿ ಬಟ್ಟಲಿನ) ನಿಖರ ಜಾಗದಲ್ಲಿ ಇರಬೇಕು. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ಮೇಲಕ್ಕೆ ಚೆಲ್ಲುತ್ತದೆ. ಆ ರಾತ್ರಿ ನನಗೆ ಆದದ್ದು ಅದೇ. ಬಣ್ಣದ ತಪ್ಪಿಗಿಂತ ಚೆಲ್ಲಿದ ಬೆಳಕಿನ ತಪ್ಪು ದೊಡ್ಡದಿತ್ತು.

ಬಲ್ಬ್ ನಿಜವಾಗಿ ಹೋಗಿದೆಯಾ?

ಮೊದಲು ಸ್ವಿಚ್ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಬಹಳಷ್ಟು ಕಾರುಗಳಲ್ಲಿ ಪಾರ್ಕಿಂಗ್ ಲೈಟ್ ಅಥವಾ ಹೆಡ್‌ಲೈಟ್ ಹಾಕದೆ ಫಾಗ್ ಲೈಟ್ ಹತ್ತುವುದಿಲ್ಲ. ಕೆಲವು ಕಾರುಗಳಲ್ಲಿ ಹೈ ಬೀಮ್ ಹಾಕಿದ ಕೂಡಲೇ ಅದು ತಾನೇ ಆರುತ್ತದೆ.

ಒಂದು ಬದಿ ಮಾತ್ರ ಹತ್ತದಿದ್ದರೆ ಬಲ್ಬ್ ಅಥವಾ ಅದರ ಪ್ಲಗ್ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಎರಡೂ ಒಟ್ಟಿಗೆ ಹತ್ತದಿದ್ದರೆ ಫ್ಯೂಸ್, ರಿಲೇ ಅಥವಾ ಸ್ವಿಚ್ ಕಡೆ ನೋಡಿ. ಫ್ಯೂಸ್ ಡಬ್ಬದ ಮುಚ್ಚಳದ ಒಳಗೆ ಸಾಮಾನ್ಯವಾಗಿ ನಕ್ಷೆ ಇರುತ್ತದೆ. ಫ್ಯೂಸ್ ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದ್ದು ಹಾಕಿ. ಹೊಸದೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ ಎಂದರ್ಥ. ದೊಡ್ಡ ಫ್ಯೂಸ್ ತುರುಕಿದರೆ ಮುಂದಿನ ಸಲ ಸುಡುವುದು ವೈರು.

ಬೆಳಕು ಮಂಕಾಗಿದ್ದರೆ ಅದು ಬೇರೆ ಕಥೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಸ್ವಲ್ಪ ಕಡಿಮೆಯಾದರೂ ಬೆಳಕು ಬಹಳ ಇಳಿಯುತ್ತದೆ. ವೋಲ್ಟೇಜ್ ಶೇ. 5ರಷ್ಟು ಬಿದ್ದರೆ ಬೆಳಕು ಸುಮಾರು ಶೇ. 16ರಷ್ಟು ಕಮ್ಮಿಯಾಗುತ್ತದೆ. ಹಾಗಾಗಿ ಹೊಸ ಬಲ್ಬಿಗೆ ದುಡ್ಡು ಹಾಕುವ ಮುಂಚೆ ಪ್ಲಗ್ ಬಿಚ್ಚಿ ಒಳಗಿನ ಪಿನ್ನುಗಳನ್ನು ನೋಡಿ. ಫಾಗ್ ಲೈಟ್ ಇರುವ ಜಾಗಕ್ಕೆ ಕೆಸರು ನೀರು ಬಡಿಯುತ್ತಲೇ ಇರುತ್ತದೆ. ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ ಅದನ್ನು ಕಾಂಟ್ಯಾಕ್ಟ್ ಕ್ಲೀನರ್ ಮತ್ತು ಸಣ್ಣ ಬ್ರಷ್‌ನಿಂದ ತೆಗೆದರೆ ಸಾಕಾಗಬಹುದು. ಲೆನ್ಸ್ ಹೊರಗಿನಿಂದ ಹಳದಿಯಾಗಿ, ಕಲ್ಲು ಬಡಿದು ಮಸುಕಾಗಿದ್ದರೆ ಬಲ್ಬ್ ಬದಲಿಸಿಯೂ ಪ್ರಯೋಜನವಿಲ್ಲ. ಮೊದಲು ಲೆನ್ಸಿಗೆ ಪಾಲಿಶ್ ಹಾಕಿ.

ಯಾವ ಬಲ್ಬ್ ಬೇಕು?

ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಬಲ್ಬ್‌ಗಳ ಪಟ್ಟಿ ಇರುತ್ತದೆ. ಹಳೆಯ ಬಲ್ಬಿನ ಬುಡದಲ್ಲೂ ಮಾದರಿಯ ಹೆಸರು ಅಚ್ಚಾಗಿರುತ್ತದೆ. ಮುಂಚಿನ ಮಾಲೀಕರು ಏನಾದರೂ ಮಾಡಿಟ್ಟಿರಬಹುದು, ಅದಕ್ಕೆ ಎರಡನ್ನೂ ಹೋಲಿಸಿ ನೋಡುವುದು ಒಳ್ಳೆಯದು.

ಹೆಚ್ಚಾಗಿ ಸಿಗುವವು ಎಚ್8, ಎಚ್11, ಎಚ್16. ಮೂರೂ ನೋಡಲು ಅಣ್ಣ ತಮ್ಮಂದಿರ ಹಾಗೆ. ಆದರೆ ಎಚ್11 ಅಂದರೆ 55 ವ್ಯಾಟ್, ಸುಮಾರು 1350 ಲ್ಯುಮೆನ್ (ಬೆಳಕಿನ ಪ್ರಮಾಣದ ಅಳತೆ) ಬೆಳಕು. ಎಚ್8 ಅಂದರೆ 35 ವ್ಯಾಟ್, 800 ಲ್ಯುಮೆನ್. ಎಚ್16 ಬರೀ 19 ವ್ಯಾಟ್, 500 ಲ್ಯುಮೆನ್. ಹಳೆಯ ಕಾರುಗಳಲ್ಲಿ ಮತ್ತು ಹೊರಗಿನಿಂದ ತಂದು ಹಾಕಿದ ಲೈಟುಗಳಲ್ಲಿ ಎಚ್3 ಕಾಣುತ್ತದೆ. ಇದೂ 55 ವ್ಯಾಟ್, ಆದರೆ ಬುಡದಿಂದ ಒಂದು ಚಿಕ್ಕ ವೈರ್ ಹೊರಬಂದಿರುತ್ತದೆ. ಇವಲ್ಲದೆ 51 ವ್ಯಾಟ್‌ನ ಎಚ್‌ಬಿ4, 27 ವ್ಯಾಟ್‌ನ 880 ಮತ್ತು 881, 24 ವ್ಯಾಟ್‌ನ ಪಿಎಸ್‌ಎಕ್ಸ್24ಡಬ್ಲ್ಯೂ ಕೂಡ ಉಂಟು.

ಎಚ್8, ಎಚ್11, ಎಚ್16ರ ಬುಡದಲ್ಲಿ ಮೂರು ಕಿವಿಗಳಿರುತ್ತವೆ, ಅಂದರೆ ಲೈಟಿನ ತೂತಿಗೆ ಕಚ್ಚಿಕೊಳ್ಳುವ ಹೊರಚಾಚು. ಒಂದರ ಜಾಗಕ್ಕೆ ಇನ್ನೊಂದು ಕೂರದಿರಲಿ ಅಂತಲೇ ಈ ಕಿವಿಗಳ ಆಕಾರ ಒಂದೊಂದಕ್ಕೂ ಬೇರೆ ಮಾಡಿದ್ದಾರೆ. ಕೆಲವರು ಅರ ಹಿಡಿದು ಕಿವಿ ಸವೆಸಿ, ಎಚ್16 ಜಾಗಕ್ಕೆ ಎಚ್11 ಕೂರಿಸುತ್ತಾರೆ. ಬೆಳಕು ಜಾಸ್ತಿ ಬರುತ್ತದೆ, ನಿಜ. ಆದರೆ 19 ವ್ಯಾಟ್ ಬಿಸಿಗೆ ಮಾಡಿದ ಪ್ಲಾಸ್ಟಿಕ್ ಗೂಡಿನೊಳಗೆ 55 ವ್ಯಾಟ್ ಉರಿಸಿದರೆ ರಿಫ್ಲೆಕ್ಟರ್ ಸುಟ್ಟು ಬಣ್ಣ ಕೆಡುತ್ತದೆ, ಹೋಲ್ಡರ್ ಕರಗುತ್ತದೆ. 100 ವ್ಯಾಟ್ ಬಲ್ಬಿನ ಆಸೆಗೂ ಇದೇ ಉತ್ತರ. ಲೆಕ್ಕ ಸುಲಭ: 55 ವ್ಯಾಟ್‌ನ ಎರಡು ಬಲ್ಬ್ 12 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತವೆ. 100 ವ್ಯಾಟ್‌ನವು 16 ದಾಟುತ್ತವೆ. ವೈರು, ಫ್ಯೂಸು, ಸ್ವಿಚ್ಚು ಯಾವುದನ್ನೂ ಅಷ್ಟಕ್ಕೆ ಮಾಡಿಲ್ಲ.

ಒಂದು ಮಾತು: ಎಷ್ಟೋ ಹೊಸ ಕಾರುಗಳಲ್ಲಿ ಫಾಗ್ ಲೈಟೇ ಎಲ್‌ಇಡಿಯಾಗಿ ಕಾರ್ಖಾನೆಯಿಂದ ಬರುತ್ತದೆ. ಅದರಲ್ಲಿ ಬಲ್ಬ್ ಅಂತ ಬೇರೆ ಇರುವುದಿಲ್ಲ, ಹೋದರೆ ಇಡೀ ಲೈಟೇ ಬದಲಾಗಬೇಕು. ಬಿಚ್ಚುವ ಮುಂಚೆ ಇದನ್ನು ಕೈಪಿಡಿಯಲ್ಲಿ ನೋಡಿಕೊಂಡರೆ ಒಂದು ಮಧ್ಯಾಹ್ನ ಉಳಿಯುತ್ತದೆ.

ಹಳದಿಯೋ ಬಿಳಿಯೋ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಉತ್ತರಕ್ಕೆ ಮುಂಚೆ ಒಂದು ಹಳೆಯ ನಂಬಿಕೆಯನ್ನು ಬದಿಗಿಡಬೇಕು.

"ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ" ಅಂತ ಬಹಳ ಜನ ಹೇಳುತ್ತಾರೆ. ಕಾರಣ ಕೇಳಿದರೆ ಆಕಾಶದ ಉದಾಹರಣೆ ಕೊಡುತ್ತಾರೆ: ಗಾಳಿಯಲ್ಲಿ ನೀಲಿ ಜಾಸ್ತಿ ಚದುರುತ್ತದೆ, ಅದಕ್ಕೇ ಆಕಾಶ ನೀಲಿ, ಹಾಗಾಗಿ ಹಳದಿ ನೇರ ಹೋಗುತ್ತದೆ ಅಂತ. ಆಕಾಶದ ಮಟ್ಟಿಗೆ ಸರಿ. ಅಲ್ಲಿ ಬೆಳಕು ಚದುರುವುದು ಗಾಳಿಯ ಅಣುಗಳಿಂದ, ಅವು ಬೆಳಕಿನ ಅಲೆಗಿಂತ ಎಷ್ಟೋ ಚಿಕ್ಕವು. ಮಂಜಿನ ಹನಿ ಹಾಗಲ್ಲ. ಬೆಳಕಿನ ಅಲೆಯ ಉದ್ದ ಸುಮಾರು ಅರ್ಧ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ಹನಿಯದ್ದು ಸಾಮಾನ್ಯವಾಗಿ ಕೆಲವು ಮೈಕ್ರಾನ್‌ನಿಂದ ಹತ್ತಾರು ಮೈಕ್ರಾನ್. ಇಷ್ಟು ದೊಡ್ಡ ಹನಿಗೆ ಬಡಿದರೆ ಹಳದಿ, ನೀಲಿ, ಬಿಳಿ ಎಲ್ಲವೂ ಹೆಚ್ಚು ಕಡಿಮೆ ಒಂದೇ ರೀತಿ ಚದುರುತ್ತವೆ. ಮಂಜು ಬೆಳ್ಳಗೆ ಕಾಣುವುದೇ ಅದಕ್ಕೆ, ಅಲ್ವಾ? ನೀಲಿ ಮಾತ್ರ ಚದುರಿದ್ದರೆ ಮಂಜು ನೀಲಿಯಾಗಿ ಕಾಣಬೇಕಿತ್ತು.

ಹಾಗಾದರೆ ಹಳದಿಯಲ್ಲಿ ಏನೂ ಇಲ್ಲವಾ? ಇದೆ, ಆದರೆ ಅದು ಮಂಜಿನಲ್ಲಿ ಇಲ್ಲ, ನಮ್ಮ ಕಣ್ಣಿನಲ್ಲಿದೆ. ನೀಲಿ ಬೆಳಕು ಕಣ್ಣಿಗೆ ಹೆಚ್ಚು ಚುಚ್ಚುತ್ತದೆ. ಒಂದೇ ಪ್ರಮಾಣದ ಬೆಳಕಿದ್ದರೂ ನೀಲಿ ಕಡೆ ವಾಲಿದ ಬಿಳಿ ಹೆಚ್ಚು ಕುಕ್ಕುತ್ತದೆ. ಸಾಲದ್ದಕ್ಕೆ ಕಣ್ಣಿನ ಮಸೂರ ನೀಲಿಯನ್ನೂ ಹಳದಿಯನ್ನೂ ಒಟ್ಟಿಗೆ ಒಂದೇ ಜಾಗದಲ್ಲಿ ಫೋಕಸ್ ಮಾಡಲಾರದು. ಬೆಳಕಿನಿಂದ ಆ ನೀಲಿ ಭಾಗವನ್ನು ತೆಗೆದರೆ ಉಳಿಯುವುದೇ ಹಳದಿ. ಮಂಜಿನಿಂದ ವಾಪಸ್ ಬರುವ ಬೆಳಕು ಅಷ್ಟೇ ಇದ್ದರೂ ಕಣ್ಣಿಗೆ ಹಿತ. ಗಂಟೆಗಟ್ಟಲೆ ಮಳೆಯಲ್ಲೋ ಮಂಜಿನಲ್ಲೋ ಓಡಿಸುವವರಿಗೆ ಇದು ಸಣ್ಣ ಲಾಭವೇನಲ್ಲ.

ಫ್ರಾನ್ಸ್‌ನವರು ಇದನ್ನು ಎಷ್ಟು ನಂಬಿದ್ದರೆಂದರೆ, 1936ರಲ್ಲಿ ಕಾನೂನು ತಂದು ಹೆಡ್‌ಲೈಟ್‌ಗಳೇ ಹಳದಿ ಇರಬೇಕೆಂದರು. 1937ರಿಂದ ಹೊಸ ಗಾಡಿಗಳಿಗೆ ಅನ್ವಯವಾದ ಆ ಕಡ್ಡಾಯ 1993ರಲ್ಲಿ, ಯುರೋಪಿಗೆಲ್ಲ ಒಂದೇ ನಿಯಮ ಬಂದಾಗ ಹೋಯಿತು. ಫಾಗ್ ಲೈಟಿಗೆ ಮಾತ್ರ ವಿಶ್ವಸಂಸ್ಥೆಯ ನಿಯಮ ಇವತ್ತಿಗೂ ಬಿಳಿ ಮತ್ತು ಹಳದಿ ಎರಡನ್ನೂ ಒಪ್ಪುತ್ತದೆ. ಬೇರೆ ಬಣ್ಣಕ್ಕೆ ಅಲ್ಲಿ ಜಾಗವಿಲ್ಲ. ನೀಲಿ, ಹಸಿರು, ನೇರಳೆ ಹಾಕಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕೆಂಪು ಅಂತೂ ಹಿಂದಿನ ಫಾಗ್ ಲೈಟಿಗೇ ಮೀಸಲು, ಮುಂದೆ ಹಾಕಿದರೆ ನಿಮ್ಮ ಕಾರು ಬರುತ್ತಿದೆಯೋ ಹೋಗುತ್ತಿದೆಯೋ ಎದುರಿನವರಿಗೆ ತಿಳಿಯುವುದಿಲ್ಲ. ಹಳದಿಗೆ ಕೆಲವು ದೇಶಗಳಲ್ಲಿ ಬೇರೆ ಷರತ್ತೂ ಇರಬಹುದು, ನಿಮ್ಮಲ್ಲಿಯ ನಿಯಮ ಒಮ್ಮೆ ನೋಡಿಕೊಳ್ಳಿ.

ಇನ್ನು ಡಬ್ಬದ ಮೇಲಿನ ಕೆಲ್ವಿನ್ ಲೆಕ್ಕ. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಬೆಚ್ಚಗಿನ ಹಳದಿ ಕಡೆ, ಹೆಚ್ಚಾದಷ್ಟೂ ನೀಲಿ ಕಡೆ. ಮಾಮೂಲಿ ಹ್ಯಾಲೊಜೆನ್ ಸುಮಾರು 3200 ಕೆಲ್ವಿನ್. ಮಟಮಟ ಮಧ್ಯಾಹ್ನದ ಬಿಸಿಲು ಸುಮಾರು 5500. ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಹೆಚ್ಚಿನವು 6000ದ ಆಸುಪಾಸು. ಇಲ್ಲಿ ಒಂದು ಮೋಜು ನೋಡಿ. ಹಳದಿ ಬಲ್ಬಿನ ಡಬ್ಬದ ಮೇಲೆ 3000 ಕೆಲ್ವಿನ್ ಅಂತ ಬರೆದಿರುತ್ತಾರೆ. ಆದರೆ 3200ರ ಹ್ಯಾಲೊಜೆನ್ ನಮಗೆ ಹಳದಿ ಅನಿಸುವುದೇ ಇಲ್ಲ, ಬರೀ ಬೆಚ್ಚಗಿನ ಬಿಳಿ. ಬರೀ 200 ಕೆಲ್ವಿನ್ ಇಳಿದ ಮಾತ್ರಕ್ಕೆ ನಿಂಬೆಹಣ್ಣಿನ ಬಣ್ಣ ಬರುವುದಿಲ್ಲ. ಆ ಹಳದಿ ಬರುವುದು ನೀಲಿಯನ್ನು ಸೋಸುವುದರಿಂದ, ಕೆಲ್ವಿನ್‌ನಿಂದ ಅಲ್ಲ. ಹಾಗಾಗಿ ಹಳದಿ ಬಲ್ಬ್ ಕೊಳ್ಳುವಾಗ ಸಂಖ್ಯೆ ನೋಡಿ ಮೋಸ ಹೋಗಬೇಡಿ, ಬಣ್ಣದ ಹೆಸರು ಮತ್ತು ಚಿತ್ರ ನೋಡಿ. 3000 ಅಂತ ನಂಬಿ ತಂದರೆ ಬೆಚ್ಚಗಿನ ಬಿಳಿಯೇ ಬಂದಿರಬಹುದು.

ಸೋಸಿದರೆ ಬೆಳಕು ಸ್ವಲ್ಪ ಹೋಗುತ್ತದೆ. ಹಳದಿಯಲ್ಲಿ ಆ ನಷ್ಟ ಕಡಿಮೆ, ಯಾಕೆಂದರೆ ಹ್ಯಾಲೊಜೆನ್‌ನಲ್ಲಿ ನೀಲಿ ಇರುವುದೇ ಸ್ವಲ್ಪ. ಹ್ಯಾಲೊಜೆನ್ ಗಾಜಿಗೆ ನೀಲಿ ಬಳಿದು "ಸೂಪರ್ ವೈಟ್" ಅಂತ ಮಾರುವ ಬಲ್ಬ್ ಇದಕ್ಕೆ ತದ್ವಿರುದ್ಧ. ಬಲ್ಬ್ ಚೆನ್ನಾಗಿ ಕೊಡುವ ಕೆಂಪು ಹಳದಿಯನ್ನೇ ತಡೆದು, ಅದು ಕೊಡದ ನೀಲಿಯನ್ನು ತೋರಿಸಲು ಹೊರಡುತ್ತದೆ. ನೋಡಲು ಬೆಳ್ಳಗೆ, ರಸ್ತೆಯ ಮೇಲೆ ಮಂಕು. ನನ್ನ ಮಟ್ಟಿಗೆ ಇದು ಫಾಗ್ ಲೈಟಿಗೆ ಹಾಕಬಹುದಾದ ಅತ್ಯಂತ ಕೆಟ್ಟ ಬಲ್ಬ್.

ನಾನೇ ಆರಿಸುವುದಾದರೆ: ಮಂಜು, ಜಡಿಮಳೆ, ಹಿಮದಲ್ಲಿ ಆಗಾಗ ಓಡಿಸುವವರಿಗೆ ಹಳದಿ ಹ್ಯಾಲೊಜೆನ್. ವರ್ಷಕ್ಕೆ ಎರಡು ಸಲ ಮಂಜು ಕಾಣುವವರಿಗೆ ಕಾರಿನ ಜೊತೆ ಬಂದ ಮಾಮೂಲಿ ಹ್ಯಾಲೊಜೆನ್ನೇ ಸಾಕು. ಗಾಜಿನ ಮೇಲೆ ಅಂಟಿಸುವ ಹಳದಿ ಫಿಲ್ಮ್ ಕೂಡ ಸಿಗುತ್ತದೆ. ಬಲ್ಬ್ ಮುಟ್ಟದೆ ಹಳದಿ ಹೇಗಿರುತ್ತದೆ ಅಂತ ನೋಡಲು ಅದು ಸುಲಭದ ದಾರಿ. ಆದರೆ ಕಲ್ಲು ಬಡಿದು, ಬಿಸಿಲಿಗೆ ಒಣಗಿ ಅಂಚು ಎದ್ದು ಬರುತ್ತದೆ.

ಎಲ್‌ಇಡಿ ಬಗ್ಗೆ ಸ್ವಲ್ಪ

ಎಲ್‌ಇಡಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎಲ್‌ಇಡಿಗೆಂದೇ ಮಾಡಿದ ಲೈಟು ಚೆನ್ನಾಗಿರುತ್ತದೆ. ತೊಂದರೆ ಇರುವುದು ಹ್ಯಾಲೊಜೆನ್ ರಿಫ್ಲೆಕ್ಟರಿನೊಳಗೆ ಎಲ್‌ಇಡಿ ಬಲ್ಬ್ ಹಾಕುವುದರಲ್ಲಿ. ಹ್ಯಾಲೊಜೆನ್ ಫಿಲಮೆಂಟ್ ಸಣ್ಣ ಸ್ಪ್ರಿಂಗಿನ ಹಾಗೆ, ಸುತ್ತಲೂ ಬೆಳಕು ಬೀರುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಎರಡು ಬದಿಗೆ ಬೆಳಕು ಬೀರುವ ಚಪ್ಪಟೆ ಚಿಪ್‌ಗಳು, ಮಧ್ಯೆ ಒಂದು ತಗಡು. ಅದು ಫಿಲಮೆಂಟಿನ ಜಾಗದಲ್ಲೇ, ಅಷ್ಟೇ ತೆಳ್ಳಗೆ ಕೂರಬೇಕು. ಅಗ್ಗದವುಗಳಲ್ಲಿ ಕೂರುವುದಿಲ್ಲ. ಎಷ್ಟೋ ಕಡೆ ಇಂಥ ಬದಲಾವಣೆಗೆ ಕಾನೂನಿನ ಒಪ್ಪಿಗೆಯೂ ಇಲ್ಲ.

ಇಷ್ಟಾದ ಮೇಲೂ ಹಾಕುತ್ತೀರಿ ಅಂದರೆ ಮೂರು ವಿಷಯ ನೋಡಿ. ಚಿಪ್‌ಗಳು ಎಡಕ್ಕೂ ಬಲಕ್ಕೂ ಮುಖ ಮಾಡಿರಬೇಕು, ಮೇಲಕ್ಕೂ ಕೆಳಕ್ಕೂ ಅಲ್ಲ. ಬುಡದ ಹೀಟ್ ಸಿಂಕ್ ಅಥವಾ ಫ್ಯಾನಿಗೆ ಲೈಟಿನ ಹಿಂದೆ ಜಾಗ ಇದೆಯೇ ಅಂತ ಅಳೆಯಿರಿ. ಮೂರನೆಯದು, ಬಲ್ಬ್ ಹೋಗಿದೆಯೇ ಅಂತ ತಾನೇ ಪರೀಕ್ಷಿಸುವ ಕಾರುಗಳಲ್ಲಿ ಎಲ್‌ಇಡಿ ಎಳೆಯುವ ಕಡಿಮೆ ಕರೆಂಟ್ ನೋಡಿ ಡ್ಯಾಶ್‌ಬೋರ್ಡ್ ಎಚ್ಚರಿಕೆ ಹತ್ತುತ್ತದೆ, ಇಲ್ಲವೇ ಲೈಟು ಮಿಣುಕುತ್ತದೆ. ಇನ್ನೊಂದು ವಿಷಯ ಚಳಿ ಊರಿನವರಿಗೆ ಮಾತ್ರ: ಹ್ಯಾಲೊಜೆನ್ ಬಿಸಿಗೆ ಗಾಜಿನ ಮೇಲಿನ ಹಿಮ ಕರಗುತ್ತದೆ, ಎಲ್‌ಇಡಿಯಲ್ಲಿ ಆ ಬಿಸಿ ಮುಂದಕ್ಕೆ ಬರುವುದಿಲ್ಲ.

ಕೆಲಸ ಶುರು

ಬೇಕಾದ ಸಾಮಾನು ಜಾಸ್ತಿಯಿಲ್ಲ. ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂ ಡ್ರೈವರ್, 10 ಮಿಲಿಮೀಟರ್ ಸಾಕೆಟ್, ಕೆಲವು ಕಾರಿಗೆ ಟಿ20 ಅಥವಾ ಟಿ25 ಟಾರ್ಕ್ಸ್ ಬಿಟ್, ತಲೆಗೆ ಕಟ್ಟುವ ಟಾರ್ಚ್, ಶುಭ್ರ ಕೈಗವಸು. ಪ್ಲಾಸ್ಟಿಕ್ ಕ್ಲಿಪ್ ಎಬ್ಬಿಸುವ ಕವಲು ಮೊನೆಯ ಸಲಕರಣೆ ಇದ್ದರೆ ಪುಣ್ಯ. ಬಿಚ್ಚಿದ ಸ್ಕ್ರೂ ಹಾಕಲು ಒಂದು ಬಟ್ಟಲು ಇರಲಿ. ಹಳೆಯ ಕ್ಲಿಪ್ಪುಗಳಲ್ಲಿ ಒಂದೆರಡು ಮುರಿಯುವುದು ಗ್ಯಾರಂಟಿ, ಬಲ್ಬ್ ತರುವಾಗಲೇ ನಾಲ್ಕು ಹೊಸ ಕ್ಲಿಪ್ಪೂ ತನ್ನಿ.

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಕೀ ತೆಗೆಯಿರಿ. ಲೈಟು ಈಗಷ್ಟೇ ಹಾಕಿದ್ದರೆ ಅರ್ಧ ಗಂಟೆ ತಣ್ಣಗಾಗಲು ಬಿಡಿ. ಹ್ಯಾಲೊಜೆನ್ ಗಾಜು ಉರಿಯುವಾಗ ನೂರಾರು ಡಿಗ್ರಿ ಬಿಸಿ ಇರುತ್ತದೆ.

ಬಲ್ಬಿನ ಬೆನ್ನಿಗೆ ಕೈ ತಲುಪಿಸಲು ಸಾಮಾನ್ಯವಾಗಿ ಮೂರು ದಾರಿ. ನಿಮ್ಮ ಕಾರಿಗೆ ಯಾವುದು ಅಂತ ಕೈಪಿಡಿ ಹೇಳುತ್ತದೆ.

ಒಂದನೆಯದು ಕೆಳಗಿನಿಂದ. ಬಂಪರಿನ ಅಡಿಯ ಪ್ಲಾಸ್ಟಿಕ್ ಹೊದಿಕೆಯ ಕೆಲವು ಸ್ಕ್ರೂ ತೆಗೆದು ಅದನ್ನು ಬಗ್ಗಿಸಿದರೆ ಕೈ ಹೋಗುತ್ತದೆ. ಎತ್ತರದ ಕಾರಾದರೆ ಜಾಕ್ ಬೇಡ. ಬೇಕಾದರೆ ಮುಂದಿನ ಭಾಗ ಎತ್ತಿ ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂರಿಸಿ, ಹಿಂದಿನ ಚಕ್ರಕ್ಕೆ ಅಡ್ಡಕಟ್ಟೆ ಕೊಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಬಲ್ಬ್ ಬದಲಿಸುವಷ್ಟು ಹೊತ್ತಿಗೇನು ಅಂತಲೂ ಬೇಡ.

ಎರಡನೆಯದು ಚಕ್ರದ ಕಡೆಯಿಂದ, ನನಗೆ ಇಷ್ಟವಾದದ್ದು. ಕೀ ತೆಗೆಯುವ ಮುಂಚೆಯೇ, ಎಡಗಡೆಯ ಬಲ್ಬಾದರೆ ಸ್ಟೀರಿಂಗನ್ನು ಬಲಕ್ಕೆ, ಬಲಗಡೆಯದ್ದಾದರೆ ಎಡಕ್ಕೆ ಪೂರ್ತಿ ತಿರುಗಿಸಿ. ಆಗ ಚಕ್ರದ ಮುಂಭಾಗ ಒಳಕ್ಕೆ ಸರಿದು, ಅದರ ಮುಂದಿನ ಪ್ಲಾಸ್ಟಿಕ್ ಹೊದಿಕೆ ಕೈಗೆ ಸಿಗುತ್ತದೆ. ಕ್ಲಿಪ್ಪುಗಳ ನಡುವಿನ ಪಿನ್ ಮೊದಲು ಮೇಲಕ್ಕೆ ಎಬ್ಬಿಸಿ, ಆಮೇಲೆ ಇಡೀ ಕ್ಲಿಪ್ ಎಳೆಯಿರಿ. ಇಡೀ ಹೊದಿಕೆ ತೆಗೆಯಬೇಕಿಲ್ಲ, ಮುಂದಿನ ತುದಿಯ ನಾಲ್ಕೈದು ಬಿಚ್ಚಿ ಮಡಚಿದರೆ ಸಾಕು.

ಮೂರನೆಯದು ಮುಂದಿನಿಂದ. ಲೈಟಿನ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು ಎಬ್ಬಿಸಿ, ಸ್ಕ್ರೂ ಬಿಚ್ಚಿ, ಇಡೀ ಲೈಟನ್ನೇ ಹೊರಗೆ ಎಳೆಯುವುದು. ಬಂಪರಿನ ಬಣ್ಣಕ್ಕೆ ಗೀರು ಬೀಳದಂತೆ ಸುತ್ತಲೂ ಕಾಗದದ ಟೇಪ್ ಅಂಟಿಸಿ. ಚಳಿಯಲ್ಲಿ ಪ್ಲಾಸ್ಟಿಕ್ ಪಟ್ ಅಂತ ಮುರಿಯುತ್ತದೆ, ಸ್ವಲ್ಪ ಬಿಸಿಲೇರಿದ ಮೇಲೆ ಮಾಡಿ.

ಬಲ್ಬ್ ಬಿಚ್ಚಿ ಹಾಕುವುದು

ಕೈ ಒಳಗೆ ಹೋದ ಮೇಲೆ ಹೆಚ್ಚಿನ ಸಲ ಕಣ್ಣಿಗೆ ಏನೂ ಕಾಣುವುದಿಲ್ಲ. ಬೆರಳಿನಿಂದಲೇ ಹುಡುಕಬೇಕು. ಅದಕ್ಕೆ ಒಂದು ಉಪಾಯ: ಹೊಸ ಬಲ್ಬನ್ನು ಮೊದಲು ಬೆಳಕಿನಲ್ಲಿ ಹಿಡಿದು, ಅದರ ಬುಡ ಹೇಗಿದೆ, ಪ್ಲಗ್ ಕಚ್ಚುವ ಕೊಕ್ಕೆ ಯಾವ ಕಡೆಗಿದೆ ಅಂತ ಬೆರಳಿಗೆ ಪಾಠ ಮಾಡಿಸಿಕೊಳ್ಳಿ. ಎಚ್11 ಬುಡ ಎಲ್ ಆಕಾರಕ್ಕೆ ತಿರುಗಿರುತ್ತದೆ, ಹಾಗಾಗಿ ವೈರಿನ ಪ್ಲಗ್ ಹಿಂದಕ್ಕೆ ಚಾಚದೆ ಪಕ್ಕಕ್ಕೆ ಇರುತ್ತದೆ.

ಮೊದಲು ಪ್ಲಗ್. ಅದರ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಪ್ಲಗ್ಗಿನ ಮೈ ಹಿಡಿದು ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ವರ್ಷಗಟ್ಟಲೆ ಮಣ್ಣು ಕುಡಿದ ಪ್ಲಗ್ ಒಂದೇ ಸಲಕ್ಕೆ ಬರುವುದಿಲ್ಲ. ಒಮ್ಮೆ ಒಳಕ್ಕೆ ತಳ್ಳಿ, ಪಟ್ಟಿ ಒತ್ತಿ, ಮತ್ತೆ ಎಳೆಯಿರಿ. ಬರುತ್ತದೆ.

ಆಮೇಲೆ ಬಲ್ಬಿನ ಬುಡವನ್ನು ಹಿಂದಿನಿಂದ ನೋಡಿದಂತೆ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗಿಸಿ. ಕಾಲು ಸುತ್ತೂ ಬೇಕಾಗುವುದಿಲ್ಲ. ಸಡಿಲವಾದದ್ದು ಕೈಗೆ ಗೊತ್ತಾಗುತ್ತದೆ, ನೇರ ಹಿಂದಕ್ಕೆ ಎಳೆಯಿರಿ. ಹಳೆಯ ಬಲ್ಬಿನ ಗಾಜು ಒಳಗಿನಿಂದ ಕಪ್ಪಾಗಿದ್ದರೆ ಅದರ ಆಯುಸ್ಸು ಮುಗಿದಿದೆ. ಗಾಜು ಒಂದು ಜಾಗದಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಯಾರೋ ಅಲ್ಲಿ ಬೆರಳಿಟ್ಟಿದ್ದಾರೆ.

ಆ ಬೆರಳಿನ ಕಥೆ ಹೇಳಲೇಬೇಕು. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಚರ್ಮದ ಎಣ್ಣೆ ಗಾಜಿನ ಮೇಲೆ ಉಳಿಯುತ್ತದೆ, ಬಿಸಿಯಾದಾಗ ಆ ಜಾಗ ಮಾತ್ರ ಬೇರೆ ಕಡೆಗಿಂತ ಜಾಸ್ತಿ ಕಾಯುತ್ತದೆ, ಗಾಜು ಸೋಲುತ್ತದೆ. ನಾನು ಮೊದಲ ಸಲ ಹಾಕಿದ ಬಲ್ಬ್ ಎರಡೇ ವಾರಕ್ಕೆ ಹೋಯಿತು. ಬಿಚ್ಚಿ ನೋಡಿದರೆ ಗಾಜಿನ ಮೇಲೆ ನನ್ನ ಹೆಬ್ಬೆರಳಿನ ಅಗಲದ ಹಾಲು ಬಣ್ಣದ ಕಲೆ, ಅದರ ನಡುವೆ ಕೂದಲೆಳೆಯಷ್ಟು ಬಿರುಕು. ಹಾಗಾಗಿ ಬುಡವನ್ನು ಮಾತ್ರ ಹಿಡಿಯಿರಿ. ಅಪ್ಪಿತಪ್ಪಿ ಮುಟ್ಟಿದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಹೊಸ ಬಲ್ಬಿನ ಬುಡದಲ್ಲಿ ರಬ್ಬರ್ ರಿಂಗ್ ಇದೆಯೇ, ನೆಟ್ಟಗೆ ಕೂತಿದೆಯೇ ನೋಡಿ. ಲೈಟಿನೊಳಗೆ ನೀರು ಹೋಗದಂತೆ ತಡೆಯುವುದು ಅದೊಂದೇ. ಕಿವಿಗಳನ್ನು ತೂತುಗಳಿಗೆ ಹೊಂದಿಸಿ ಒಳಗೆ ತೂರಿಸಿ. ಸರಿಯಾಗಿ ಹೊಂದಿದರೆ ಬುಡ ಸುತ್ತಲೂ ಸಮವಾಗಿ ತಾಗುತ್ತದೆ. ಒಂದು ಬದಿ ಎದ್ದಂತೆ ಅನಿಸಿದರೆ ತಿರುಗಿಸಬೇಡಿ, ತೆಗೆದು ಮತ್ತೆ ಹಾಕಿ. ಬಲವಂತ ಮಾಡಿದರೆ ಮುರಿಯುವುದು ಬಲ್ಬಿನ ಕಿವಿಯಲ್ಲ, ಲೈಟಿನ ಕಚ್ಚು. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ, ಅದು ನಿಂತ ಕಡೆ ನಿಲ್ಲಿಸಿ. ಪ್ಲಗ್ ತಳ್ಳಿದಾಗ "ಟಿಕ್" ಅನ್ನಬೇಕು. ಸದ್ದು ಬರಲಿಲ್ಲ ಅಂದರೆ ಕೂತಿಲ್ಲ ಅಂತಲೇ ಲೆಕ್ಕ.

ಎಚ್3 ಆದರೆ ವಿಧಾನ ಬೇರೆ. ಲೈಟಿನ ಹಿಂದಿನ ಮುಚ್ಚಳ ಬಿಚ್ಚಿ, ಚಿಕ್ಕ ವೈರನ್ನು ಅದರ ಕನೆಕ್ಟರಿನಿಂದ ಎಳೆದು, ಬಲ್ಬನ್ನು ಹಿಡಿದಿರುವ ತಂತಿ ಸ್ಪ್ರಿಂಗನ್ನು ಒತ್ತಿ ಪಕ್ಕಕ್ಕೆ ಸರಿಸಬೇಕು. ಬಲ್ಬಿನ ತಗಡು ಬುಡದಲ್ಲಿ ಒಂದು ಕಡೆ ಕತ್ತರಿಸಿದ ಗುರುತಿರುತ್ತದೆ, ಅದು ಕೂರುವುದು ಒಂದೇ ರೀತಿ. ಸ್ಪ್ರಿಂಗ್ ಜಾರಿ ಲೈಟಿನೊಳಗೆ ಬೀಳದಂತೆ ನೋಡಿಕೊಳ್ಳಿ. ನಾನು ಒಮ್ಮೆ ಅದನ್ನು ಹೊರತೆಗೆಯಲು ಬಲ್ಬ್ ಬದಲಿಸಿದ್ದಕ್ಕಿಂತ ಮೂರು ಪಟ್ಟು ಹೊತ್ತು ಒದ್ದಾಡಿದ್ದೇನೆ.

ಹೊದಿಕೆ ಮುಚ್ಚುವ ಮುಂಚೆ ಲೈಟ್ ಹಾಕಿ ನೋಡಿ. ಎಲ್ಲಾ ಕ್ಲಿಪ್ ಹಾಕಿ, ಕೈ ತೊಳೆದು, ಆಮೇಲೆ ಸ್ವಿಚ್ ಒತ್ತುವವರು ಒಂದಲ್ಲ ಒಂದು ದಿನ ಮತ್ತೆ ಮಲಗಬೇಕಾಗುತ್ತದೆ. ಒಂದು ಬದಿಯದ್ದು ಮಾತ್ರ ಹೋಗಿದ್ದರೂ ಎರಡನ್ನೂ ಬದಲಿಸಿ. ಇಲ್ಲದಿದ್ದರೆ ಒಂದು ಕಣ್ಣು ಹಳದಿ, ಒಂದು ಕಣ್ಣು ಬಿಳಿ.

ಗೋಡೆಗೆ ಬೆಳಕು ಬಿಟ್ಟು ನೋಡಿ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಬಣ್ಣ ಆರಿಸುವುದಕ್ಕಿಂತ ಇದೇ ಮುಖ್ಯ.

ಕತ್ತಲಾದ ಮೇಲೆ ಸಮತಟ್ಟು ಜಾಗದಲ್ಲಿ ಕಾರನ್ನು ಗೋಡೆಗೆ ಎದುರಾಗಿ 5 ಮೀಟರ್ ದೂರದಲ್ಲಿ ನಿಲ್ಲಿಸಿ. ಟೈರುಗಳಲ್ಲಿ ಗಾಳಿ ಸರಿಯಿರಲಿ. ನೆಲದಿಂದ ಫಾಗ್ ಲೈಟಿನ ನಡುವಿಗೆ ಎಷ್ಟು ಎತ್ತರ ಅಂತ ಅಳೆದು, ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಟೇಪ್ ಅಂಟಿಸಿ. ಅದರಿಂದ 10 ಸೆಂಟಿಮೀಟರ್ ಕೆಳಗೆ ಇನ್ನೊಂದು ಟೇಪ್. ಈಗ ಫಾಗ್ ಲೈಟ್ ಹಾಕಿ. ಬೆಳಕಿನ ಮೇಲಂಚು ಕೆಳಗಿನ ಟೇಪಿನ ಹತ್ತಿರ ನಿಲ್ಲಬೇಕು. ಅಂದರೆ ಪ್ರತಿ ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು. ಮೇಲಿನ ಟೇಪ್ ದಾಟಿದರೆ ಎದುರಿನ ಚಾಲಕನ ಕಣ್ಣಿಗೆ ಹೊಡೆಯುತ್ತದೆ, ಮಂಜಿನಲ್ಲಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ನಿಮ್ಮ ಕಾರಿನ ಕೈಪಿಡಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಅನುಸರಿಸಿ.

ಹೊಂದಿಸಲು ಸಾಮಾನ್ಯವಾಗಿ ಲೈಟಿನ ಬದಿಯಲ್ಲೋ ಬೆನ್ನಲ್ಲೋ ಒಂದೇ ಒಂದು ಸ್ಕ್ರೂ ಇರುತ್ತದೆ. ಅರ್ಧ ಸುತ್ತು ತಿರುಗಿಸಿ ಗೋಡೆ ನೋಡಿ, ಮತ್ತೆ ತಿರುಗಿಸಿ. ಮೇಲಂಚೇ ಕಾಣದೆ ಬೆಳಕು ಗೋಡೆ ತುಂಬಾ ಹತ್ತಿ ಎರಚಿದ ಹಾಗೆ ಹರಡಿದ್ದರೆ ಸ್ಕ್ರೂ ತಿರುಗಿಸಿ ಉಪಯೋಗವಿಲ್ಲ. ಬಲ್ಬ್ ಸೊಟ್ಟಗೆ ಕೂತಿದೆ, ಇಲ್ಲವೇ ಆ ಲೈಟಿಗೆ ಆ ಬಲ್ಬ್ ಆಗಿಬರುವುದಿಲ್ಲ. ನನ್ನ ಎಲ್‌ಇಡಿಯನ್ನು ಮಂಜಿಗೆ ಒಯ್ಯುವ ಮುಂಚೆ ಹೀಗೆ ಗೋಡೆಗೆ ಬಿಟ್ಟು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಹಾಕಿದ ಮೇಲೆ

ಮೊದಲ ವಾರ ಲೈಟಿನ ಗಾಜು ಒಳಗಿನಿಂದ ಬೆವರಿದೆಯೇ ಅಂತ ಒಮ್ಮೊಮ್ಮೆ ನೋಡಿ. ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ತೆಳುವಾದ ಆವಿ ಹೋಗಿಬಿಟ್ಟರೆ ಚಿಂತೆ ಬೇಡ. ಹನಿ ಹನಿಯಾಗಿ ನಿಂತರೆ ರಬ್ಬರ್ ರಿಂಗ್ ಸರಿಯಾಗಿ ಕೂತಿಲ್ಲ.

ಫಾಗ್ ಲೈಟನ್ನು ಒಳ್ಳೆಯ ಹವೆಯಲ್ಲಿ ಸುಮ್ನೆ ಶೋಕಿಗೆ ಹಾಕಿಕೊಂಡು ತಿರುಗಬೇಡಿ. ಒದ್ದೆ ರಸ್ತೆಯಲ್ಲಿ ಅದರ ಬೆಳಕು ನೆಲಕ್ಕೆ ಬಡಿದು ಎದುರಿನವರ ಕಣ್ಣಿಗೆ ಚಿಮ್ಮುತ್ತದೆ. ಬ್ರಿಟನ್ನಿನ ಹೆದ್ದಾರಿ ನಿಯಮಾವಳಿ ಇದಕ್ಕೊಂದು ಒಳ್ಳೆಯ ಅಳತೆ ಕೊಡುತ್ತದೆ: 100 ಮೀಟರ್ ಆಚೆ ಕಾಣದಿದ್ದಾಗ ಹಾಕಿ, ಕಾಣತೊಡಗಿದಾಗ ಆರಿಸಿ. ಹಿಂದಿನ ಕೆಂಪು ಫಾಗ್ ಲೈಟಿಗೆ ಇದು ಇನ್ನೂ ಹೆಚ್ಚು ಅನ್ವಯ. ಅದನ್ನು ಆರಿಸಲು ಮರೆತರೆ ಬ್ರೇಕ್ ಲೈಟ್ ಹತ್ತಿದ್ದೂ ಹಿಂದಿನವರಿಗೆ ಗೊತ್ತಾಗುವುದಿಲ್ಲ. ವೇಗದ ಲೆಕ್ಕವೂ ನೆನಪಿರಲಿ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಮಂಜಿನಲ್ಲಿ 30 ಮೀಟರ್ ಕಾಣುತ್ತಿದ್ದರೆ, ಅಡ್ಡ ಬಂದದ್ದೇನು ಅಂತ ತಿಳಿದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ದೂರ ಮುಗಿದಿರುತ್ತದೆ. ಯಾವ ಬಣ್ಣದ ಬಲ್ಬೂ ಅಲ್ಲಿ ನೆರವಾಗುವುದಿಲ್ಲ.

ಬಿಚ್ಚಿದ ಹಳೆಯ ಬಲ್ಬುಗಳಲ್ಲಿ ಇನ್ನೂ ಉರಿಯುವ ಒಂದು ಇದ್ದರೆ ಎಸೆಯಬೇಡಿ. ಹೊಸ ಬಲ್ಬಿನ ಖಾಲಿ ಡಬ್ಬದಲ್ಲಿ, ಗಾಜು ಯಾವುದಕ್ಕೂ ತಾಗದಂತೆ ಇಟ್ಟು, ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ "ಫಾಗ್, ಹಳೆಯದು" ಅಂತ ಬರೆದು ಡ್ಯಾಶ್‌ಬೋರ್ಡ್ ಖಾನೆಗೆ ಹಾಕಿ. ಬರೆಯದೆ ಇಟ್ಟರೆ ಆರು ತಿಂಗಳಾದ ಮೇಲೆ ಅದು ಕೆಟ್ಟದ್ದೋ ಒಳ್ಳೆಯದೋ ಅಂತ ನಿಮಗೇ ಗೊತ್ತಾಗುವುದಿಲ್ಲ. ನನ್ನ ಖಾನೆಯಲ್ಲಿ ಅಂಥ ಮೂರು ಬಲ್ಬುಗಳಿವೆ.